ಎಲ್ಫೇಜ್ ಮಾವನ ಸತ್ತ ತೋಟಾ

ನಮ್ಮೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ಬಣ್ಣದ ಡಬ್ಬಿ, ಆಲೂಗಡ್ಡೆ ಬುಟ್ಟಿಗಳನ್ನೆಲ್ಲ ದಾಟಿ ಹಿಂದಕ್ಕೆ ಹೋದರೆ ಕೋವಿಗಳ ಕೌಂಟರ್ ಸಿಗುತ್ತಿತ್ತು. ಅದರ ಹಿಂದೆ ನನ್ನ ಸೋದರಮಾವ ಎಲ್ಫೇಜ್ ಮಿಶೋ ನಿಂತಿರುತ್ತಿದ್ದ. ಅವನಿಗೆ ಮಾರುವ ಆತುರ ಎಂದೂ ಇರಲಿಲ್ಲ. ಹೆಣ್ಣು ಕೇಳಲು ಬಂದವನನ್ನು ಹುಡುಗಿಯ ತಂದೆ ವಿಚಾರಿಸಿಕೊಳ್ಳುವ ಹಾಗೆ ಗಿರಾಕಿಯನ್ನು ವಿಚಾರಿಸಿಕೊಳ್ಳುತ್ತಿದ್ದ.

"ಶಿಕಾರಿಗೆ ಎಲ್ಲಿ ಕೂರ್ತೀಯ?"

"ನಮ್ಮಜ್ಜನ ಸೇಬಿನ ಮರಗಳ ಹತ್ರ."

"ಅಲ್ಲಿಂದ ಎಷ್ಟು ದೂರ ಕಾಣುತ್ತೆ?"

"ತುಂಬಾ ದೂರ ಕಾಣುತ್ತೆ."

"ತುಂಬಾ ದೂರ ಅಂದ್ರೆ? ಹಸು ನಿಂತಿದ್ರೆ ಅದರ ಕಿವಿ ಕಾಣುತ್ತಾ, ಬರೀ ಹಸು ಕಾಣುತ್ತಾ?"

"ಕಿವಿ ಕಾಣುತ್ತೆ."

"ಹಾಗಾದ್ರೆ ಅದು ದೂರ ಅಲ್ಲ. ನೀನು ಕಾಡಲ್ಲಿದ್ದೀಯ."

ಸೇಂಟ್ ಜಾನ್ ನದಿಯ ಈಚೆ ದಡದ ನಮ್ಮ ಕಾಡಿನಲ್ಲಿ ಯಾರಿಗೂ ದೂರ ಕಾಣುವುದಿಲ್ಲ. ಫರ್ ಮರಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿರುತ್ತವೆ, ಅವುಗಳ ನಡುವೆ ಆಲ್ಡರ್ ಪೊದೆ. ಪ್ರಾಣಿ ಕಂಡರೆ ಹತ್ತಿರದಲ್ಲೇ ಕಾಣುತ್ತದೆ, ಕಂಡಷ್ಟೇ ಬೇಗ ಮರೆಯಾಗುತ್ತದೆ. ಅದಕ್ಕೇ ನಮ್ಮವರು ಲಿವರ್ ಕೋವಿಯನ್ನೇ ಹಿಡಿಯುತ್ತಾರೆ. ಗಿಡ್ಡ, ಚಪ್ಪಟೆ, ಒಂದು ಕೈಯಲ್ಲಿ ತೂಗಾಡಿಸಿಕೊಂಡು ನಡೆಯಬಹುದು. ಕೆಳಗಿನ ಲಿವರ್ ಒಮ್ಮೆ ಎಳೆದು ಬಿಟ್ಟರೆ ಮುಂದಿನ ತೋಟಾ ನಳಿಕೆಗೆ ಏರಿರುತ್ತದೆ. ಇದರಲ್ಲಿ ಯಾರಿಗೂ ಜಗಳವಿಲ್ಲ. ಜಗಳವೆಲ್ಲ ತೋಟಾದ ಅಳತೆಯ ಮೇಲೆ. ಅಳತೆ ದೊಡ್ಡದಾದಷ್ಟೂ ಗುಂಡು ಭಾರ, ಕೋವಿ ಭುಜಕ್ಕೆ ಒದೆಯುವುದೂ ಜೋರು. ಜಿಂಕೆಗೆ ಮೂವತ್ತು-ಮೂವತ್ತು ಸಾಕೇ, ಕರಡಿಗೆ ಮೂವತ್ತೈದು ಬೇಕೇ, ಕುದುರೆಗಿಂತ ಎತ್ತರದ ಕಾಡುಜಿಂಕೆಯಾದ ಮೂಸ್‌ಗೆ ನಲವತ್ತೈದು-ಎಪ್ಪತ್ತೇ ಆಗಬೇಕೇ ಎಂದು ಚರ್ಚಿನ ಮೆಟ್ಟಿಲ ಮೇಲೂ ವಾದ ನಡೆಯುತ್ತಿತ್ತು. ವಾದ ಕೈಮೀರಿದರೆ ಎಲ್ಲರೂ ಮಾವನ ಬಳಿ ಬರುತ್ತಿದ್ದರು.

ಮಾವ ತೀರ್ಪನ್ನು ಅಂಗಡಿಯಲ್ಲಿ ಕೊಡುತ್ತಿರಲಿಲ್ಲ. ಊರಾಚೆಯ ಜಲ್ಲಿ ಗುಂಡಿಗೆ ಕರೆದುಕೊಂಡು ಹೋಗುತ್ತಿದ್ದ. ಅವನ ಹತ್ತಿರ ಪ್ರತಿ ಅಳತೆಯಲ್ಲೂ ತಾನೇ ಮಾಡಿದ ಸತ್ತ ತೋಟಾಗಳಿದ್ದವು. ಮದ್ದಿನ ಬದಲು ಒಳಗೆ ಮರಳು, ಕಿಡಿ ಹೊತ್ತಿಸುವ ಜಾಗದಲ್ಲಿ ಮರದ ಬೆಣೆ. ತಳ ತಿರುಗಿಸಿ ನೋಡದ ಹೊರತು ಜೀವಂತ ತೋಟಾಗೂ ಅದಕ್ಕೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಮಾವ ಗಿರಾಕಿಗೆ ಬೆನ್ನು ತಿರುಗಿಸಿ ನಿಂತು ಜೀವಂತ ತೋಟಾಗಳ ನಡುವೆ ಒಂದು ಸತ್ತದ್ದನ್ನು ಸೇರಿಸಿ ಕೋವಿ ತುಂಬಿಕೊಡುತ್ತಿದ್ದ. ಗಿರಾಕಿ ಢಂ ಎಂದು ಒಂದು ಹೊಡೆಯುತ್ತಿದ್ದ, ಇನ್ನೊಂದು ಹೊಡೆಯುತ್ತಿದ್ದ. ಆಮೇಲೆ ಬರೀ ಟಕ್ ಎನ್ನುತ್ತಿತ್ತು. ಕೋವಿ ಒದೆಯಲೇ ಇಲ್ಲ, ಆದರೂ ನಳಿಕೆಯ ಮೂತಿ ನೆಲದ ಕಡೆ ಬಾಗಿದರೆ ಅದು ಅಳುಕು. ಒದೆತ ಬರುವ ಮೊದಲೇ ಮೈ ಅದಕ್ಕೆ ಹೆದರಿ ಬಗ್ಗಿದೆ ಎಂದರ್ಥ. ಆಗ ಮಾವ ಮೆಲ್ಲಗೆ ಕೋವಿ ಇಸಿದುಕೊಂಡು, "ಇದು ನಿನ್ನ ಕೋವಿ ಅಲ್ಲ ಕಣಪ್ಪ" ಎನ್ನುತ್ತಿದ್ದ. ಗಿರಾಕಿ ಒಂದು ಅಳತೆ ಕೆಳಗೆ ಇಳಿಯಬೇಕು. ಅದರ ಮೇಲೆ ಮಾತಿಲ್ಲ.

ಆಲೂಗಡ್ಡೆ ಲಾರಿ ಓಡಿಸುವ ರೆನೋ ಸಿರ್ ನಲವತ್ತೈದು ಕೊಳ್ಳಲು ಹೆಂಡತಿಯ ಅಣ್ಣನನ್ನೂ ಜೊತೆಗೆ ಕರೆದುಕೊಂಡು ಬಂದಿದ್ದ. ಆ ಭಾವನ ಮುಂದೆಯೇ ಮಾವ ರೆನೋನನ್ನು ಮೊದಲು ಮೂವತ್ತೈದಕ್ಕೆ, ಅಲ್ಲಿಂದ ಮೂವತ್ತು-ಮೂವತ್ತಕ್ಕೆ ಇಳಿಸಿಬಿಟ್ಟ.

"ಇನ್ನೂ ಇಳಿಸು ಮಾರಾಯ," ರೆನೋ ಹಲ್ಲು ಕಡಿಯುತ್ತ ಹೇಳಿದ. "ಕವಣೆ ಕಲ್ಲು ಕೊಟ್ಟು ಕಳಿಸು."

"ಕವಣೇಲಿ ನೀನು ಕಣ್ಣು ಬಿಟ್ಕೊಂಡು ಹೊಡೀತೀಯ ಅಂದ್ರೆ ಅದನ್ನೇ ಕೊಡ್ತೀನಿ."

ಆದರೆ ಕೋವಿ ಒಯ್ಯುವ ಮೊದಲು ಮಾವ ತಾನೇ ಕೂತು ಅದರ ಹಿಡಿಯನ್ನು ರೆನೋನ ತೋಳಿಗೆ ತಕ್ಕಂತೆ ತರಿದು, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಟ್ರಿಗರ್ ಇಳಿಯುವಂತೆ ಮಾಡಿಕೊಟ್ಟಿದ್ದ. ಆ ವರ್ಷದಿಂದ ರೆನೋನ ಮನೆಯಲ್ಲಿ ಪ್ರತಿ ನವೆಂಬರ್‌ನಲ್ಲೂ ಜಿಂಕೆ ತೂಗುತ್ತಿತ್ತು. ಉಪಕಾರ ಮರೆಯಲಿಲ್ಲ, ಅವಮಾನವನ್ನೂ ಮರೆಯಲಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡಿದ್ದ.

ಮಾವನದೇ ಕೋವಿ ಯಾವುದು? ನಲವತ್ತೈದು-ಎಪ್ಪತ್ತು. ಅಡುಗೆಮನೆ ಬಾಗಿಲ ಮೇಲೆ ಎರಡು ಮೊಳೆಗಳ ನಡುವೆ ಮಲಗಿರುತ್ತಿತ್ತು. ಅದರ ತೋಟಾ ನನ್ನ ಹೆಬ್ಬೆರಳಿಗಿಂತ ದಪ್ಪ. ಹರೆಯದಲ್ಲಿ ಮರ ಕಡಿಯುವ ಕ್ಯಾಂಪಿನಲ್ಲಿದ್ದಾಗ ಕೊಂಡದ್ದಂತೆ. ಊರಿನಲ್ಲಿ ಇನ್ನೂ ಇಬ್ಬರು ಎಲ್ಫೇಜ್‌ಗಳಿದ್ದುದರಿಂದ ಇವನನ್ನು ಎಲ್ಲರೂ ನಲವತ್ತೈದರ ಎಲ್ಫೇಜ್ ಎಂದೇ ಕರೆಯುತ್ತಿದ್ದರು. ಪ್ರತಿ ಶರತ್ಕಾಲದಲ್ಲಿ ಗುಂಡಿಯಲ್ಲಿ ಎಲ್ಲರ ಎದುರಿಗೆ ಒಂದೇ ಒಂದು ಈಡು ಹಾರಿಸಿ, "ಸರಿಯಾಗಿದೆ, ತೋಟಾ ಯಾಕೆ ಹಾಳು ಮಾಡೋದು" ಎಂದು ಒಳಗಿಡುತ್ತಿದ್ದ. ಆಮೇಲೆ ಕಾಡಿನಿಂದ ಬರಿಗೈಯಲ್ಲಿ ಬರುತ್ತಿದ್ದ. ಗಾಳಿ ತಿರುಗಿತು ಎನ್ನುತ್ತಿದ್ದ, ಎಳೆಯ ಜಿಂಕೆ, ಪಾಪ, ಬಿಟ್ಟೆ ಎನ್ನುತ್ತಿದ್ದ. ಮನೆಗೆ ಮಾಂಸ ತರುತ್ತಿದ್ದವಳು ಒಲಿವೀನ್ ಅತ್ತೆ. ಶಾಲೆಯ ಅಡುಗೆಮನೆಯಲ್ಲಿ ಇಡೀ ಶಾಲೆಗೆ ಸೂಪು ಬಡಿಸಿ ಬಂದ ಕೈಯಲ್ಲೇ ತನ್ನ ಮೂವತ್ತೈದರ ಕೋವಿ ಹಿಡಿದು, ಕತ್ತಲಾಗುವ ಮೊದಲು ಹಿತ್ತಲಿನ ಕಾಡಿಗೆ ಹೋಗಿ ಬರುತ್ತಿದ್ದಳು.

ಆ ವರ್ಷ ಜೂನ್‌ನಲ್ಲಿ ಮೂಸ್ ಪರವಾನಗಿಯ ಲಾಟರಿ ಹೆಸರುಗಳನ್ನು ರೇಡಿಯೋದಲ್ಲಿ ಓದುತ್ತಿದ್ದರು. ನಮ್ಮಲ್ಲಿ ಎಲ್ಲರೂ ಪ್ರತಿ ವರ್ಷ ಅರ್ಜಿ ಹಾಕುತ್ತೇವೆ. ಕೆಲವರಿಗೆ ಬದುಕಿನಲ್ಲಿ ಒಮ್ಮೆ ಬರುತ್ತದೆ, ಬಹಳ ಜನಕ್ಕೆ ಬರುವುದೇ ಇಲ್ಲ. ನಾನು ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಅತ್ತೆ ಕಾವಲಿಯ ಮೇಲೆ ಪ್ಲಾಯ್ ಎನ್ನುವ ನಮ್ಮ ಕಡೆಯ ದೋಸೆ ಹುಯ್ಯುತ್ತಿದ್ದಳು. ರೇಡಿಯೋದವನು ನಮ್ಮೂರ ಹೆಸರು ಹೇಳಿ, "ಮಿಶೋ, ಎಲ್ಫೇಜ್" ಎಂದ. ಜೊತೆಗೆ ಗುಂಡು ಹಾರಿಸಲು ಹಕ್ಕಿರುವವಳಾಗಿ ಒಲಿವೀನ್ ಮಿಶೋ ಹೆಸರನ್ನೂ ಓದಿದ. ಮಾವ ಕುರ್ಚಿಯಿಂದ ಎದ್ದ, ಮತ್ತೆ ಕೂತ, ಮತ್ತೆ ಎದ್ದು ಜಗಲಿಗೆ ಹೋಗಿ ಬೆನ್ನು ತಿರುಗಿಸಿ ನಿಂತ. ಪ್ಲಾಯ್ ಸೀದ ವಾಸನೆ ಬಂದಾಗಲೇ ಅತ್ತೆಗೂ ಒಲೆಯ ನೆನಪಾದದ್ದು.

ಮರುದಿನ ಅಂಗಡಿಯಲ್ಲಿ ಜಾತ್ರೆ. ಎಲ್ಲರದೂ ಒಂದೇ ಪ್ರಶ್ನೆ.

"ಯಾವುದು ಒಯ್ತೀಯ ಎಲ್ಫೇಜ್?"

"ಇನ್ಯಾವುದು? ನಲವತ್ತೈದು. ಇಷ್ಟು ವರ್ಷ ಅದು ಬಾಗಿಲ ಮೇಲೆ ಮಲಗಿ ಕಾದಿದ್ದು ಯಾರಿಗೆ ಅಂದ್ಕೊಂಡ್ರಿ?"

ಆ ಸಂಜೆ ಅತ್ತೆ ನನ್ನನ್ನು ಬೇಲಿಯ ಹತ್ತಿರ ಕರೆದಳು.

"ಶನಿವಾರ ನಮ್ಮ ಜೊತೆ ಗುಂಡಿಗೆ ಬಾ. ಬೇರೆ ಯಾರಿಗೂ ಹೇಳಬೇಡ."

"ಏನತ್ತೆ?"

"ನಿನ್ನ ಮಾವ ಕಣ್ಣು ಮುಚ್ತಾನೆ."

ನನಗೆ ಅರ್ಥವಾಗಲಿಲ್ಲ.

"ಟ್ರಿಗರ್ ಎಳೆಯುವಾಗ. ಎಷ್ಟೋ ವರ್ಷ ಆಯ್ತು. ನಾನು ಹೇಳಿದ್ರೆ ಇಲ್ಲ ಅಂತಾನೆ. ಅವನಿಗೇ ಕಾಣೋ ಹಾಗೆ ಮಾಡಬೇಕು. ನಾನೊಬ್ಬಳೇ ಇದ್ರೆ ಜಗಳ ಆಡ್ತಾನೆ, ನೀನಿದ್ರೆ ನಾಚ್ಕೋತಾನೆ."

ಶನಿವಾರ ಗುಂಡಿಯಲ್ಲಿ ನಾವು ಮೂವರೇ. ಮಾವ ರಟ್ಟಿನ ಮೇಲೆ ಇದ್ದಿಲಿನಿಂದ ಗುರುತು ಬರೆದು ನಿಲ್ಲಿಸಿ ಬಂದ. ಅಷ್ಟರಲ್ಲಿ ಅತ್ತೆ ಕೋವಿ ತುಂಬುತ್ತಿದ್ದಳು.

"ನೀನ್ಯಾಕೆ ತುಂಬ್ತೀಯ?"

"ನಿನ್ನ ಕನ್ನಡಕದ ತುಂಬ ಇದ್ದಿಲಿದೆ, ಮೊದಲು ಅದನ್ನ ಒರೆಸ್ಕೋ."

ಮೊದಲ ಈಡಿಗೆ ಗುಂಡಿಯ ಗೋಡೆ ನಡುಗಿತು. ಗುಂಡು ರಟ್ಟಿನ ಅಂಚಿಗೆ ತಾಗಿ ಹೋಗಿತ್ತು. ಮಾವ ಏನೋ ಗೊಣಗಿ ಲಿವರ್ ಎಳೆದು ಮತ್ತೆ ಗುರಿ ಹಿಡಿದ. ಟಕ್ ಎಂದಿತು. ಈಡು ಇಲ್ಲ, ಹೊಗೆ ಇಲ್ಲ. ಆದರೆ ನಳಿಕೆಯ ಮೂತಿ ವಾಸನೆ ಹಿಡಿದ ನಾಯಿಯ ಮೂಗಿನ ಹಾಗೆ ನೆಲದ ಕಡೆಗೆ ಧುಮುಕಿತು. ಮಾವನ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದವು, ತುಟಿ ಒಳಕ್ಕೆ ಸೇರಿತ್ತು.

ಅವನು ಕಣ್ಣು ಬಿಟ್ಟು ಕೋವಿ ಇಳಿಸಿದ. ಆಮೇಲೆ ನಿಧಾನವಾಗಿ ಲಿವರ್ ಎಳೆದ. ತೋಟಾ ಜಲ್ಲಿಯ ಮೇಲೆ ಬಿತ್ತು. ಎತ್ತಿಕೊಂಡು ತಳ ನೋಡಿದ.

"ಇದು ನಂದು."

"ಹೌದು," ಅತ್ತೆ ಹೇಳಿದಳು. "ನೀನೇ ಮಾಡಿದ್ದು."

ಕೋವಿ ಕಟ್ಟಿಕೊಂಡು ಮನೆಗೆ ಬಂದೆವು. ಬೀನ್ಸ್ ಬಡಿಸಿ ಅತ್ತೆ ಕೂತ ಮೇಲೆ ಮಾವ ಕೇಳಿದ. "ಯಾವಾಗಿಂದ ಗೊತ್ತು ನಿನಗೆ?"

"ನಿನ್ನ ಭುಜ ನೀಲಿಗಟ್ಟೋದನ್ನ ನೋಡ್ಕೊಂಡು ಪಕ್ಕದಲ್ಲಿ ಮಲಗೋಳು ನಾನು."

"ಹೇಳಬಹುದಿತ್ತು."

"ಊರೆಲ್ಲ ನಿನ್ನ ನಲವತ್ತೈದರ ಎಲ್ಫೇಜ್ ಅಂತ ಕರೆಯುತ್ತೆ. ನಾನು ಏನಂತ ಹೇಳಲಿ?"

ಮಾವ ಚಮಚ ಕೆಳಗಿಟ್ಟ. "ಜಿಂಕೆ ತಪ್ಪಿಸ್ಕೊಂಡ್ರೆ ತಪ್ಪಿಸ್ಕೊಳ್ಳುತ್ತೆ ಬಿಡು. ಎಷ್ಟೋ ಸಲ ನಾನೇ ಮರದ ಮೇಲೆ ಹೊಡೆದು ಬಂದಿದ್ದೀನಿ. ಆದ್ರೆ ಮೂಸ್ ಅಂದ್ರೆ ಈ ಅಡುಗೆಮನೆಯಷ್ಟು ದೊಡ್ಡ ಮೈ. ಎಲ್ಲೋ ಒಂದು ಕಡೆ ತಾಗೇ ತಾಗುತ್ತೆ. ಹೊಟ್ಟೆಗೆ ತಾಗಿ ಅದು ಜೌಗಿನೊಳಗೆ ಹೋಗಿ ನರಳಿ ನರಳಿ ಸತ್ತು, ನನಗೆ ಸಿಗದೇ ಹೋದ್ರೆ? ಆಮೇಲೆ ಆ ಕೌಂಟರ್ ಹಿಂದೆ ನಾನು ಯಾವ ಮುಖ ಇಟ್ಕೊಂಡು ನಿಲ್ಲಲಿ ಒಲಿವೀನ್?"

"ಅದಕ್ಕೇ ಕಣೋ ಇವತ್ತು ಕರ್ಕೊಂಡು ಹೋದದ್ದು."

"ನೀನೇ ಹೊಡಿ. ನಿನ್ನ ಹೆಸರೂ ಇದೆ."

"ಬೇಕಾದ್ರೆ ಹೊಡೀತೀನಿ. ಆದ್ರೆ ಆಸೆ ಪಟ್ಟವನು ನೀನು. ನನಗೆ ಜಿಂಕೆ ಮಾಂಸವೇ ಇಷ್ಟ." ಅತ್ತೆ ಎದ್ದು ಮೇಜಿನ ಆಚೆ ಬದಿಗೆ ಹೋಗಿ ಅಂಗಡಿಯವಳ ಹಾಗೆ ಎರಡೂ ಕೈ ಊರಿ ನಿಂತಳು. "ಹೇಳಿ, ಶಿಕಾರಿಗೆ ಎಲ್ಲಿ ಕೂರ್ತೀರಿ?"

ಮಾವ ನನ್ನ ಮುಖ ನೋಡಿದ. ನಾನು ತಟ್ಟೆ ನೋಡಿದೆ.

"ಕೇಳ್ತಿರೋದು ನಿಮ್ಮನ್ನೇ ಸ್ವಾಮಿ. ಎಲ್ಲಿ ಕೂರ್ತೀರಿ?"

"ಬೀವರ್‌ಗಳು ಮರ ಕಡಿದು ಒಡ್ಡು ಕಟ್ಟಿದ ಕೆರೆ ಇದೆಯಲ್ಲ, ಅದರ ದಡದಲ್ಲಿ."

"ಅಲ್ಲಿಂದ ಎಷ್ಟು ದೂರ ಕಾಣುತ್ತೆ? ಹಸುವಿನ ಕಿವಿ ಕಾಣುತ್ತಾ?"

"ಕಿವಿ ಏನು, ರೆಪ್ಪೆ ಕಾಣುತ್ತೆ."

"ರೆಪ್ಪೆ ಕಾಣೋ ಜಾಗಕ್ಕೆ ಫಿರಂಗಿ ಯಾಕೆ?"

ಮಾವ ನಗಬಾರದೆಂದು ಮೀಸೆ ಕಚ್ಚಿಕೊಂಡ. "ಮೂಸ್‌ಗೆ ಭಾರದ ಗುಂಡು ಬೇಕು ಅಂತಾರಲ್ಲ ಮೇಡಂ."

"ಯಾರು ಅಂತಾರೆ?"

"ಅಂಗಡೀಲಿ ಒಬ್ಬ ಇದ್ದಾನೆ. ಎಲ್ಫೇಜ್ ಅಂತ."

"ಅವನ ಮಾತು ಬಿಡಿ, ಅವನು ಕಣ್ಣು ಮುಚ್ಚಿ ಹೊಡೆಯೋನು. ಗುಂಡು ಶ್ವಾಸಕೋಶಕ್ಕೆ ಬಿದ್ರೆ ಯಾವುದು ಸಾಕು, ಅದು ಹೇಳಿ."

"ಶ್ವಾಸಕೋಶಕ್ಕೆ ಬಿದ್ರೆ, ಅದೂ ಅಷ್ಟು ಹತ್ತಿರದಿಂದ..." ಮಾವ ತಲೆ ಕೆರೆದುಕೊಂಡ. "ಮೂವತ್ತು-ಮೂವತ್ತೂ ಸಾಕು. ಹೊಟ್ಟೆಗೆ ಬಿದ್ರೆ ನಲವತ್ತೈದೂ ಸಾಲದು."

ಮರುದಿನ ಅತ್ತೆಯ ಮೂವತ್ತೈದರಲ್ಲಿ ಪ್ರಯತ್ನಿಸಿದರು. ಮೂತಿ ಮೊದಲಿನಷ್ಟು ಧುಮುಕಲಿಲ್ಲ, ಆದರೂ ಬಾಗಿತು. ಇನ್ನುಳಿದದ್ದು ಮೂವತ್ತು-ಮೂವತ್ತು, ಮನೆಯಲ್ಲಿ ಅದು ಇರಲಿಲ್ಲ.

"ರೆನೋನ ಕೇಳು," ಅತ್ತೆ ಹೇಳಿದಳು.

"ಯಾರನ್ನ ಬೇಕಾದ್ರೂ ಕೇಳ್ತೀನಿ, ಅವನೊಬ್ಬನ್ನ ಬಿಟ್ಟು."

"ಈ ಕಣಿವೇಲಿ ಅದಕ್ಕಿಂತ ಮೃದುವಾದ ಕೋವಿ ಇಲ್ಲ ಅಂತ ನೀನೇ ಅಲ್ವಾ ಜಂಭ ಕೊಚ್ಕೋತಿದ್ದದ್ದು?"

ರೆನೋ ತನ್ನ ಲಾರಿಯ ಕೆಳಗೆ ಮಲಗಿದ್ದ. ಮಾವ ಅವನ ಬೂಟುಗಳ ಎದುರಿಗೆ ನಿಂತು ವಿಷಯ ಹೇಳಿದ. ಬೂಟುಗಳು ಅಲುಗಾಡುವುದನ್ನು ನಿಲ್ಲಿಸಿದವು.

"ಇನ್ನೊಂದು ಸಲ ಹೇಳು. ಇಲ್ಲಿ ಕೆಳಗೆ ಸರಿಯಾಗಿ ಕೇಳಿಸ್ಲಿಲ್ಲ."

"ಕೇಳಿಸಿದೆ ನಿನಗೆ."

"ಇಲ್ಲಪ್ಪ, ಕಿವಿ ತುಂಬ ಗ್ರೀಸು."

"ನಾನು ಅಳುಕ್ತೀನಿ ರೆನೋ. ನಲವತ್ತೈದರಲ್ಲೂ ಅಳುಕ್ತೀನಿ, ಮೂವತ್ತೈದರಲ್ಲೂ ಅಳುಕ್ತೀನಿ. ನಿನ್ನ ಕೋವಿ ಬೇಕು."

ರೆನೋ ಹೊರಗೆ ಜಾರಿ ಬಂದು ಎದ್ದು ಕೂತ. ಈ ಗಳಿಗೆಗಾಗಿ ಎಷ್ಟು ಮಾತು ಕೂಡಿಟ್ಟಿದ್ದನೋ, ಮಾವನ ಮುಖ ನೋಡಿದ ಮೇಲೆ ಒಂದೂ ಹೊರಗೆ ಬರಲಿಲ್ಲ. ಕೈ ಒರೆಸಿಕೊಂಡು ಒಳಗೆ ಹೋಗಿ ಕೋವಿ ತಂದ.

"ಕವಣೆ ಕಲ್ಲು ಬೇಡ್ವಾ?" ಎಂದ ಅಷ್ಟೇ.

"ಮುಂದಿನ ವಾರ ಬರ್ತೀನಿ ಅದಕ್ಕೆ."

"ಮೂಸ್ ಬಿದ್ರೆ ಅದರ ನಾಲಿಗೆ ನಂದು."

"ನಿನಗೆ ಇರೋ ನಾಲಿಗೆ ಸಾಲದಾ ಮಾರಾಯ?"

ಆಶ್ಚರ್ಯವೆಂದರೆ ರೆನೋ ಇದನ್ನು ಯಾರಿಗೂ ಹೇಳಲಿಲ್ಲ. ಊರಿನ ಸುದ್ದಿಯನ್ನೆಲ್ಲ ಲಾರಿಯ ಜೊತೆಗೇ ಸಾಗಿಸುತ್ತಿದ್ದ ಮನುಷ್ಯ, ಅಂಗಡಿಯಲ್ಲಿ ಯಾರಾದರೂ ನಲವತ್ತೈದರ ಮಾತೆತ್ತಿದರೆ ತೂಗುಹಾಕಿದ ಬಕೆಟ್‌ಗಳನ್ನು ನೋಡುತ್ತ ನಿಲ್ಲುತ್ತಿದ್ದ.

ಆದರೆ ಅಳುಕು ಅಷ್ಟು ಸುಲಭಕ್ಕೆ ಹೋಗುವ ರೋಗವಲ್ಲ. ಮೂವತ್ತು-ಮೂವತ್ತು ಮಕ್ಕಳ ಹಾಗೆ ಮೆಲ್ಲಗೆ ಒದೆಯುತ್ತಿತ್ತು, ಆದರೂ ಮಾವನ ಮೈ ಹಳೆಯ ಒದೆತವನ್ನೇ ಕಾಯುತ್ತಿತ್ತು. ಅತ್ತೆ ಅದಕ್ಕೊಂದು ಮದ್ದು ಹುಡುಕಿದಳು. ದಿನಾ ಊಟವಾದ ಮೇಲೆ ಮಾವ ಜಗಲಿಯಲ್ಲಿ ಖಾಲಿ ಕೋವಿ ಎತ್ತಿ ಹಿಡಿಯಬೇಕು. ಅತ್ತೆ ನಳಿಕೆಯ ತುದಿಯ ಮೇಲೆ ಒಂದು ಚಪ್ಪಟೆ ಆಲೂಗಡ್ಡೆ ಇಡುತ್ತಿದ್ದಳು. ಅದು ಬೀಳದ ಹಾಗೆ ಟ್ರಿಗರ್ ಎಳೆಯಬೇಕು. ಮೊದಮೊದಲು ಆಲೂಗಡ್ಡೆ ಮೆಟ್ಟಿಲಿಳಿದು ಅಂಗಳಕ್ಕೆ ಉರುಳಿ ಹೋಗುತ್ತಿತ್ತು, ಅದನ್ನು ತರುವುದಕ್ಕೆ ನಾಯಿ ಕಲಿತುಕೊಂಡಿತು.

"ಕಣ್ಣು ಬಿಡು," ಅತ್ತೆ ಶಾಲೆಯ ಊಟದ ಸಾಲಿನ ದನಿಯಲ್ಲಿ ಹೇಳುತ್ತಿದ್ದಳು. "ಅದೇನು ನಿನ್ನ ಕಚ್ಚುತ್ತಾ? ಆಲೂಗಡ್ಡೆ ಕಣೋ ಅದು."

"ನೀನು ಕಿವಿಯ ಹತ್ರ ಹೀಗೆ ಕೂಗಿದ್ರೆ ಆಲೂಗಡ್ಡೇನೂ ಅಳುಕುತ್ತೆ."

ರಸ್ತೆಯಲ್ಲಿ ಹೋಗುವವರು ಎಲ್ಫೇಜ್ ಕೋವಿ ಒರೆಸುತ್ತಿದ್ದಾನೆ ಎಂದುಕೊಂಡು ಕೈ ಬೀಸಿ ಹೋಗುತ್ತಿದ್ದರು. ಹೊಲದಲ್ಲಿ ಆಲೂಗಡ್ಡೆ ಗಿಡಗಳು ಹೂಬಿಟ್ಟ ಹೊತ್ತಿಗೆ ನಳಿಕೆಯ ಮೇಲಿನ ಆಲೂಗಡ್ಡೆ ನಿಲ್ಲತೊಡಗಿತು. ಆಮೇಲೆ ಗುಂಡಿಯ ಅಭ್ಯಾಸ, ಜೀವಂತ ತೋಟಾ ಸತ್ತ ತೋಟಾ ಕಲೆಸಿ. ತುಂಬುವವಳು ಯಾವಾಗಲೂ ಅತ್ತೆಯೇ, ಮಾವನಿಗೆ ಯಾವುದು ಎಲ್ಲಿದೆ ಎಂದು ಗೊತ್ತಾಗಬಾರದಲ್ಲ. ಕ್ರಮೇಣ ಕೈಯಲ್ಲಿ ಕೋವಿ ಕೊಟ್ಟರೆ ಸಾಕು, ಮಾವ ಏನೂ ಕೇಳದೆ ತೆಗೆದುಕೊಳ್ಳುವುದು ರೂಢಿಯಾಯಿತು. ಎಲೆ ಕೆಂಪಾಗುವ ಹೊತ್ತಿಗೆ ಅವನ ಗುಂಡುಗಳು ಇದ್ದಿಲಿನ ಗುರುತಿನೊಳಗೇ ಬೀಳುತ್ತಿದ್ದವು. ಆದರೂ ದಣಿದ ದಿನ, ಮನಸ್ಸು ಬೇರೆಲ್ಲೋ ಇದ್ದ ದಿನ, ಟಕ್ ಎಂದಾಗ ಮೂತಿ ಮತ್ತೆ ಬಾಗಿಬಿಡುತ್ತಿತ್ತು. ಆಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಅಕ್ಟೋಬರ್‌ನಲ್ಲಿ ಶಿಕಾರಿಯ ವಾರ ಬಂತು. ಆಲೂಗಡ್ಡೆ ಕೀಳಲು ಶಾಲೆಗೆ ಕೊಡುವ ರಜೆಯಲ್ಲಿದ್ದ ನಾನು ಮಾವನ ಲಾರಿ ಓಡಿಸಲು, ಬಿದ್ದದ್ದನ್ನು ಎಳೆಯಲು ಜೊತೆಗೆ ಹೋದೆ. ನನ್ನ ಹತ್ತಿರ ಕೋವಿ ಇರಲಿಲ್ಲ. ಸೋಮವಾರ ಸೆಕೆ. ಮಂಗಳವಾರ ಒಂದು ಹೆಣ್ಣು ಮೂಸ್ ಮರಿಯ ಜೊತೆ ಬಂದು ನೀರು ಕುಡಿದು ಹೋಯಿತು. ಮಾವ ಕೋವಿಯನ್ನು ಎತ್ತಲೂ ಇಲ್ಲ. ಆಮೇಲೆ ಎರಡು ದಿನ ಮಳೆ. ಶುಕ್ರವಾರ ಬೆಳಗ್ಗೆ ಹುಲ್ಲು ಕಾಲಡಿಯಲ್ಲಿ ಮುರಿಯುವಷ್ಟು ಹಿಮ ಬಿದ್ದಿತ್ತು. ಕೆರೆಯ ದಡ ಮುಟ್ಟಿದ ಮೇಲೆ ಅತ್ತೆ ಎಂದಿನಂತೆ ತಾನೇ ಕೋವಿ ತುಂಬಿ, ಲಿವರ್ ಎಳೆದು ಮೊದಲ ತೋಟಾ ಏರಿಸಿ ಮಾವನ ಕೈಗೆ ಕೊಟ್ಟಳು. ಆಮೇಲೆ ತನ್ನದನ್ನು ತುಂಬಿಕೊಂಡಳು.

ಗಂಡು ಮೂಸ್ ಕರೆಯಲು ಮಾವ ಬರ್ಚ್ ತೊಗಟೆಯ ಕಹಳೆ ಬಾಯಿಗಿಟ್ಟು ಹೆಣ್ಣು ಮೂಸ್‌ನ ಹಾಗೆ ಉದ್ದಕ್ಕೆ ನರಳಿದ. ಆಮೇಲೆ ಕಾಫಿ ಡಬ್ಬಿಯಲ್ಲಿ ನೀರು ಮೊಗೆದು ಎತ್ತರದಿಂದ ಕೆರೆಗೆ ಸುರಿದ, ನೀರಲ್ಲಿ ನಿಂತ ಹೆಣ್ಣು ಉಚ್ಚೆ ಹೊಯ್ದ ಹಾಗೆ.

"ಇದೊಂದು ಕೆಲಸ ನಿನಗೆ ಚೆನ್ನಾಗಿ ಬರುತ್ತೆ," ಅತ್ತೆ ಪಿಸುಗುಟ್ಟಿದಳು.

"ಷ್."

ತುಂಬಾ ಹೊತ್ತು ಏನೂ ಇಲ್ಲ. ಆಮೇಲೆ ಆಚೆ ಕಾಡಿನಿಂದ ಯಾರೋ ಒಣ ಕಟ್ಟಿಗೆಯ ಮೇಲೆ ಕೊಡಲಿಯ ಹಿಂಬದಿಯಿಂದ ಬಡಿದ ಹಾಗೆ ಒಂದು ಸದ್ದು. ಮತ್ತೆ ಒಂದು, ಇನ್ನೂ ಹತ್ತಿರ. ಪೊದೆಗಳಿಗೆ ಕೊಂಬು ಉಜ್ಜುವುದು ಕೇಳಿಸಿತು. ಆಲ್ಡರ್ ಗಿಡಗಳು ತಾವಾಗಿಯೇ ಬಾಗಿ ದಾರಿ ಬಿಟ್ಟವು. ನಡುವಿನಿಂದ ಗಂಡು ಮೂಸ್ ಹೊರಬಂತು. ಅದರ ಕೊಂಬಿನಿಂದ ಹಸಿ ಹುಲ್ಲು ತೋರಣದ ಹಾಗೆ ಇಳಿಬಿದ್ದಿತ್ತು. ಉಸಿರು ಹಬೆಯಾಗಿ ಹೊಮ್ಮುತ್ತಿತ್ತು. ನೀರಿನ ಅಂಚಿಗೆ ಬಂದು ನಮಗೆ ಪಕ್ಕೆ ತೋರಿಸಿ ನಿಂತಿತು. ಮಾವ ಹೇಳಿದ್ದು ನಿಜ, ರೆಪ್ಪೆ ಕಾಣುತ್ತಿತ್ತು.

ಮಾವ ಕೋವಿ ಎತ್ತಿದ. ಅತ್ತೆಯೂ ಎತ್ತಿದಳು. ನಾನು ಅವರ ಬಲಕ್ಕೆ, ಬಿದ್ದ ಮರದ ಬಳಿ ಕೂತಿದ್ದೆ, ಇಬ್ಬರ ಮುಖವೂ ಕಾಣುತ್ತಿತ್ತು. ಅತ್ತೆಯ ಕೋವಿ ಮೂಸ್ ಕಡೆಗಿತ್ತು, ಆದರೆ ಅವಳ ಕಣ್ಣು ಮೂಸ್ ಮೇಲಿರಲಿಲ್ಲ. ಮಾವನ ನಳಿಕೆಯ ಮೂತಿಯ ಮೇಲಿತ್ತು. ಅಷ್ಟು ದೊಡ್ಡ ಪ್ರಾಣಿ ಎದುರಿಗೆ ನಿಂತಿರುವಾಗ ಇವಳೇನು ನೋಡುತ್ತಿದ್ದಾಳೆ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಮಾವನ ಬೆರಳು ಮಡಚಿತು.

ಟಕ್.

ಮೂತಿ ಅಲುಗಲಿಲ್ಲ. ಕೂದಲೆಳೆಯಷ್ಟೂ ಅಲುಗಲಿಲ್ಲ. ಆ ಹೊತ್ತಿಗೆ ಅದರ ತುದಿಯಲ್ಲಿ ಅತ್ತೆ ಆಲೂಗಡ್ಡೆ ಇಟ್ಟಿದ್ದರೆ ಅದು ಅಲ್ಲೇ ಇರುತ್ತಿತ್ತು. ಮಾವನ ಬಲಗಣ್ಣು ತೆರೆದೇ ಇತ್ತು.

ಅತ್ತೆ ತನ್ನ ಕೋವಿಯನ್ನು ಮೆಲ್ಲಗೆ ಮಡಿಲಿಗೆ ಇಳಿಸಿದಳು.

ಮೂಸ್ ತಲೆಯೆತ್ತಿ ಕಿವಿ ನಿಮಿರಿಸಿತು. ಮಾವನ ಕೈ ಲಿವರ್ ಎಳೆದು ಬಿಟ್ಟಿತು, ಆ ಸದ್ದಿಗೆ ಅದು ನಮ್ಮ ಕಡೆಗೇ ಒಂದು ಹೆಜ್ಜೆ ಇಟ್ಟಿತು. ಇನ್ನೊಂದು ಗಂಡು ಕೊಂಬು ತಾಗಿಸುತ್ತಿದೆ ಎಂದುಕೊಂಡಿತೋ ಏನೋ. ಮತ್ತೆ ಪಕ್ಕೆ ತಿರುಗಿತು. ಈ ಸಲ ಈಡು ಹಾರಿತು. ಮೂಸ್ ಬೆನ್ನು ಕುಗ್ಗಿಸಿ, ನೀರನ್ನು ಸೀಳಿಕೊಂಡು ದಡ ಹತ್ತಿ, ಫರ್ ಮರಗಳ ಅಂಚಿನ ತನಕ ನಡೆದು ಹೋಗಿ, ದಣಿದ ಎತ್ತಿನ ಹಾಗೆ ಮೊದಲು ಮುಂಗಾಲು ಮಡಿಸಿತು. ಆಮೇಲೆ ಮಲಗಿತು. ಮತ್ತೆ ಏಳಲಿಲ್ಲ. ಜೌಗಿನೊಳಗೆ ಯಾರೂ ಯಾರನ್ನೂ ಹುಡುಕಬೇಕಾಗಲಿಲ್ಲ.

ಮಾವ ಟೋಪಿ ತೆಗೆದು ಹಿಡಿದು ನಿಂತಿದ್ದ. ತುಟಿ ಅಲುಗುತ್ತಿತ್ತು, ಪ್ರಾರ್ಥನೆ ಇರಬೇಕು. ಆಮೇಲೆ ಪಾಚಿಯ ಮೇಲೆ ತಡಕಾಡಿ, ಮೊದಲು ಹೊರಗೆ ಚಿಮ್ಮಿ ಬಿದ್ದಿದ್ದ ತೋಟಾವನ್ನು ಎತ್ತಿಕೊಂಡು ತಳ ನೋಡಿದ. ಮರದ ಬೆಣೆ.

"ಒಲಿವೀನ್."

"ನಾನೇ ಹಾಕಿದ್ದು."

"ಮೂಸ್ ಎದುರಿಗೆ?"

"ಮತ್ತೆಲ್ಲಿ ಹಾಕಲಿ? ಗುಂಡೀಲಿ ನೀನು ರಟ್ಟಿಗೆ ಹೊಡೆಯೋದನ್ನ ನೋಡಿದ್ದೀನಿ. ಇದರ ಮುಂದೆ ನಿನ್ನ ಕೈ ಏನು ಮಾಡುತ್ತೆ ಅಂತ ನಿನಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮೂತಿ ಬಾಗಿದ್ರೆ ಅದಕ್ಕೆ ಒಂದು ಗೀರೂ ಬೀಳ್ತಿರಲಿಲ್ಲ. ನಾನು ಹೊಡೀತಿದ್ದೆ."

"ಅದು ಓಡಿಹೋಗಿದ್ರೆ?"

"ಓಡಿಹೋಗಿದ್ರೆ ಚೆನ್ನಾಗಿರ್ತಿತ್ತು. ಗಾಯ ಇಲ್ಲದೆ ಓಡ್ತಿತ್ತು."

ಮಾವ ತೋಟಾವನ್ನು ಅಂಗಿಯ ಜೇಬಿಗೆ ತುರುಕಿಕೊಂಡ. ಸಿಟ್ಟು ಬಂದಿದೆ ಎಂದುಕೊಂಡೆ. ಬಂದಿತ್ತು ಕೂಡ, ಕತ್ತಿನ ನರ ಉಬ್ಬಿತ್ತು. "ಬಾಗಿತಾ?" ಎಂದು ಕೇಳಿದ ಕೊನೆಗೆ. ಅವನ ದನಿ ಪರೀಕ್ಷೆಯ ಫಲಿತಾಂಶ ಕೇಳುವವರ ದನಿಯ ಹಾಗಿತ್ತು.

"ನೋಡ್ಲಿಲ್ವಾ ನೀನು?"

"ನಾನು ಮೂಸ್ ನೋಡ್ತಿದ್ದೆ."

"ಹಾಗಾದ್ರೆ ಬಾಗ್ಲಿಲ್ಲ," ಎಂದಳು ಅತ್ತೆ. ಮೂಗು ಒರೆಸಿಕೊಂಡು ಚಾಕು ಹುಡುಕಲು ಹೋದಳು.

ಮಧ್ಯಾಹ್ನ ಮೂಸ್ ತೂಗುವ ಅಂಗಡಿಯ ಮುಂದೆ ಅರ್ಧ ಊರು ನಿಂತಿತ್ತು. ತಕ್ಕಡಿಯವನು ಕೊಂಬಿಗೆ ಹಗ್ಗ ಕಟ್ಟುತ್ತಲೇ, "ನಲವತ್ತೈದೇ ತಾನೆ?" ಎಂದ. ಕೇಳುವ ಅಗತ್ಯವೇ ಇಲ್ಲ ಎನ್ನುವ ಹಾಗೆ.

"ಮೂವತ್ತು-ಮೂವತ್ತು," ಮಾವ ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ರೆನೋನ ಕೋವಿ. ನಲವತ್ತೈದು ನನ್ನ ಕೋವಿ ಅಲ್ಲ."

ಯಾರೋ ನಕ್ಕರು. ಉ‍ಳಿದವರು ತಮಾಷೆಯೋ ನಿಜವೋ ತಿಳಿಯದೆ ರೆನೋನ ಕಡೆ ತಿರುಗಿದರು. ರೆನೋ ಜನರ ನಡುವೆ ದಾರಿ ಮಾಡಿಕೊಂಡು ಬಂದು ಮೂಸ್‌ನ ಪಕ್ಕೆಯ ತೂತಿನಲ್ಲಿ ಬೆರಳಿಟ್ಟು ನೋಡಿದ.

"ಒಂದೇ ಈಡಾ?"

"ಟ್ರಿಗರ್ ಎರಡು ಸಲ ಎಳೆದೆ. ಮೊದಲನೇದನ್ನ ಇವಳು ನನಗಿಟ್ಟಿದ್ದಳು, ಎರಡನೇದು ಇದಕ್ಕೆ."

ರೆನೋ ಅತ್ತೆಯ ಮುಖ ನೋಡಿದ. ಅವನಿಗೆ ತಕ್ಷಣ ಅರ್ಥವಾಯಿತು. ಲಾರಿಗೆ ಒರಗಿ ನಿಂತು ಕಣ್ಣಲ್ಲಿ ನೀರು ಬರುವ ತನಕ ನಕ್ಕ. "ಒಲಿವೀನಕ್ಕ, ನಿಮ್ಮನ್ನ ಆ ಕೌಂಟರ್ ಹಿಂದೆ ನಿಲ್ಲಿಸಬೇಕಿತ್ತು. ಇವನು ಶಾಲೇಲಿ ಸೂಪು ಬಡಿಸ್ಕೊಂಡು ಇರ್ಲಿ."

"ನಿನ್ನ ನಾಲಿಗೆ ಆ ಚೀಲದಲ್ಲಿದೆ, ತಗೊಂಡು ಹೋಗು," ಎಂದ ಮಾವ. ಕೋವಿಯನ್ನೂ ಅವನ ಕೈಗಿಟ್ಟ.

ಸಂಜೆ ಮಾಂಸ ಪಾಲು ಮಾಡಿ ಮನೆಮನೆಗೆ ಕೊಟ್ಟು ಬಂದೆವು. ಮಾವ ಜಗಲಿಯ ಮೆಟ್ಟಿಲ ಮೇಲೆ ಬೂಟು ಬಿಚ್ಚುತ್ತಿದ್ದ. ಅತ್ತೆ ಬಾಗಿಲಲ್ಲಿ ನಿಂತು ಕೇಳಿದಳು. "ಆ ಸತ್ತ ತೋಟಾ ಎಲ್ಲಿ? ಡಬ್ಬೀಲಿ ಹಾಕಿಡ್ತೀನಿ."

ಮಾವ ಅಂಗಿಯ ಜೇಬು ಮುಟ್ಟಿಕೊಂಡ. "ಇದನ್ನ ಕೊಡಲ್ಲ. ಅದೇ ಡಬ್ಬೀಲಿ ಮೂವತ್ತೈದರ ಸತ್ತದ್ದೂ ಇದ್ಯಲ್ಲ, ಅದನ್ನ ಹೊರಗೆ ತೆಗೆದಿಡು. ನವೆಂಬರ್‌ಗೆ ಬೇಕು."

"ಯಾಕೆ?"

"ಜಿಂಕೆ ಸೀಸನ್‌ಗೆ ನಿನ್ನ ಕೋವಿ ನಾನು ತುಂಬ್ತೀನಿ."

"ತುಂಬು," ಅತ್ತೆ ಹೇಳಿದಳು. "ಹಿತ್ತಲಿಂದ ಒಂದು ಆಲೂಗಡ್ಡೆ ತಂದಿಡು ಬೇಕಾದ್ರೆ."

ನಾಯಿ ಆ ಮಾತು ಕೇಳಿ ಅಂಗಳಕ್ಕೆ ಓಡಿತು.